ಅರವತ್ಮೂರನೇ ಪುಟ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸರದಿ ವಿಭಾಗದ ಮೇಜಿನ ಹಿಂದೆ ನಾನು ಕೂತು ಇಪ್ಪತ್ತಾರು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನನ್ನ ಮುಂದೆ ನಿಂತು ಅತ್ತವರಿದ್ದಾರೆ, ಬೈದವರಿದ್ದಾರೆ, ಮದುವೆಯ ಕರೆಯೋಲೆ ಕೊಟ್ಟು ಹೋದವರೂ ಇದ್ದಾರೆ. ಆದರೆ ಬೇಕಾದ ಪುಸ್ತಕ ಓದಲು ಸಿಗದೆ ಪರೀಕ್ಷೆ ಬಿಟ್ಟವರು ಒಬ್ಬರೂ ಇಲ್ಲ. ಇದನ್ನು ನಾನು ಜಂಬದಿಂದಲೇ ಹೇಳುತ್ತೇನೆ. ನನ್ನ ಹೆಸರು ನೀಲಾಂಬಿಕಾ, ಕುಲಪತಿಗಳಿಂದ ಹಿಡಿದು ಸೈಕಲ್ ಸ್ಟ್ಯಾಂಡಿನವನ ತನಕ ಎಲ್ಲರಿಗೂ ನೀಲಕ್ಕ.

ನಮ್ಮ ಊರಿನಲ್ಲಿ ಪುಸ್ತಕ ತೆರೆದವರದು. ಒಬ್ಬರು ತೆರೆದರೆಂದರೆ, ಅವರು ಮುಚ್ಚುವ ತನಕ ಅದೇ ಪುಸ್ತಕ ಊರಿನ ಮಿಕ್ಕವರ ಕಣ್ಣಿಗೆಲ್ಲ ಬರೀ ಬಿಳಿ ಹಾಳೆ. ಅಚ್ಚಿನ ಪ್ರತಿ, ಜೆರಾಕ್ಸ್, ಫೋನಿನಲ್ಲಿ ತೆಗೆದ ಫೋಟೋ, ಯಾವುದಾದರೂ ಅಷ್ಟೇ. ತೆರೆದವರು ಊಟಕ್ಕೆ ಹೋಗಲಿ, ಮಲಗಲಿ, ಮುಚ್ಚುವ ತನಕ ಪುಸ್ತಕ ಅವರದೇ. ಹೊರಗಿನಿಂದ ಬಂದ ಪ್ರಾಧ್ಯಾಪಕರು ಮೊದಲ ವಾರ ಕನ್ನಡಕ ಒರೆಸಿಕೊಳ್ಳುತ್ತಾರೆ, ಎರಡನೇ ವಾರ ಕಣ್ಣಿನ ಡಾಕ್ಟರ ಬಳಿ ಹೋಗುತ್ತಾರೆ, ಮೂರನೇ ವಾರ ನನ್ನ ಹತ್ತಿರ ಬಂದು ಸರದಿ ಬರೆಸುತ್ತಾರೆ. ಕಿವಿಗೆ ಮಾತ್ರ ಈ ಕಟ್ಟಳೆ ಇಲ್ಲ. ಬೆಳಗಿನ ಪೇಪರನ್ನು ಗಡಿಯಾರ ಕಂಬದ ಕೆಳಗೆ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಬೇಕಾದವರು ನಿಂತು ಕೇಳುತ್ತಾರೆ. ಕ್ರೀಡಾಪುಟ ಮೊದಲೋ ರಾಜಕೀಯ ಮೊದಲೋ ಎಂದು ವಾರಕ್ಕೊಮ್ಮೆ ಜಗಳವಾಗುತ್ತದೆ.

ಹೀಗಿರುವಾಗ ಮುನ್ನೂರು ಮಕ್ಕಳಿಗೆ ಒಂದೇ ರಸಾಯನಶಾಸ್ತ್ರದ ಪಠ್ಯಪುಸ್ತಕ ಓದಿಸುವುದು ಹೇಗೆ ಎಂದು ಕೇಳಿದರೆ, ಅದಕ್ಕೇ ನಾನಿರುವುದು. ನಮ್ಮಲ್ಲಿ ಓದಿ ಹೇಳುವ ಕೋಣೆಗಳು ಹದಿನೆಂಟು ಇವೆ. ಬೆಳಿಗ್ಗೆ ಏಳಕ್ಕೆ ನಾಲ್ಕನೇ ಕೋಣೆಯಲ್ಲಿ ರಸಾಯನಶಾಸ್ತ್ರ, ಒಂಬತ್ತಕ್ಕೆ ಏಳನೆಯದರಲ್ಲಿ ಕಾನೂನು. ಓದುವವರಿಗೆ ಬಿಸಿನೀರು ಮತ್ತು ಕಲ್ಲುಸಕ್ಕರೆ ಗ್ರಂಥಾಲಯದ್ದು. ಚಿತ್ರ, ನಕ್ಷೆ ಕಣ್ಣಾರೆ ನೋಡಬೇಕಾದವರಿಗೆ ತಲೆಗೆ ಐದೈದು ನಿಮಿಷ ಹಂಚಿಕೊಡುತ್ತೇನೆ. ಪರೀಕ್ಷೆಯ ತಿಂಗಳು ಬಂತೆಂದರೆ ನನ್ನ ವೇಳಾಪಟ್ಟಿಯ ಮುಂದೆ ರೈಲ್ವೆಯವರದು ಮಕ್ಕಳಾಟ.

ಸಂಶೋಧಕರದು ಬೇರೆ ಸಮಸ್ಯೆ. ಅವರಿಗೆ ಬೇಕಾದ ಪುಸ್ತಕಗಳನ್ನು ಸಾಮಾನ್ಯವಾಗಿ ಬೇರೆ ಯಾರೂ ಕೇಳುವುದಿಲ್ಲ, ಕೇಳಿದರೆ ಮಾತ್ರ ಪೇಚು. ಯಾಕೆಂದರೆ ಓದುತ್ತಿರುವವರನ್ನು ‘ಮುಗಿಯಿತೇ’ ಎಂದು ನಮ್ಮ ಊರಿನಲ್ಲಿ ಯಾರೂ ಕೇಳುವುದಿಲ್ಲ. ಸ್ನಾನ ಮಾಡುತ್ತಿರುವವರ ಬಾಗಿಲು ಬಡಿದ ಹಾಗೆ ಅದು. ಯಾರು ಏನು ಓದುತ್ತಿದ್ದಾರೆ ಎಂದು ಗ್ರಂಥಾಲಯವೂ ಬಾಯಿ ಬಿಡುವುದಿಲ್ಲ. ಕಿತ್ತುಕೊಂಡರಂತೂ ಕಥೆ ಮುಗಿಯಿತು. ಹಿಂದೊಮ್ಮೆ ಒಬ್ಬ ಪ್ರಾಧ್ಯಾಪಕರು ಸಿಟ್ಟಿನಲ್ಲಿ ವಿದ್ಯಾರ್ಥಿಯ ಕೈಯಿಂದ ಭೌತಶಾಸ್ತ್ರದ ಪುಸ್ತಕ ಸೆಳೆದುಕೊಂಡರು. ಹುಡುಗ ಮುನಿಸಿಕೊಂಡು ಊರು ಬಿಟ್ಟ. ಅವನು ಮೂರು ವರ್ಷದ ನಂತರ ಬಂದು, ಕೂತು, ತಾನಾಗಿ ಮುಚ್ಚುವ ತನಕ ಆ ಪುಸ್ತಕ ಎಲ್ಲರಿಗೂ ಬಿಳಿಯಾಗಿಯೇ ಇತ್ತು.

ಅದಕ್ಕೆ ನಮ್ಮ ಹಿರಿಯರು ಮಾಡಿದ ಉಪಾಯ ಕಾಯುವ ಕುರ್ಚಿ. ದೊಡ್ಡ ಹಜಾರದ ನಡುವೆ ಬೆತ್ತದ ಕುರ್ಚಿಯೊಂದಿದೆ. ಪುಸ್ತಕ ತುರ್ತಾಗಿ ಬೇಕಾದವರು ಅದರ ಹೆಸರನ್ನು ಸ್ಲೇಟಿನ ಮೇಲೆ ಬರೆದು, ಎದೆಗೆ ಹಿಡಿದುಕೊಂಡು ಅದರಲ್ಲಿ ಕೂರಬೇಕು. ಮಾತಾಡಬಾರದು. ಓದುತ್ತಿರುವವರು ಆ ದಾರಿಯಲ್ಲಿ ಹಾದುಹೋಗುವಾಗ ನೋಡುತ್ತಾರೆ. ಮುಚ್ಚುವುದು ಬಿಡುವುದು ಅವರಿಗೆ ಬಿಟ್ಟದ್ದು. ನಾನು ಕಂಡ ಹಾಗೆ, ಮೂರು ದಿನದೊಳಗೆ ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ.

ಐದು ವರ್ಷದ ಹಿಂದೆ ಡಿಜಿಟಲ್ ವಿಭಾಗ ಬಂತು. ಜಯತೀರ್ಥ ಅದರ ಮುಖ್ಯಸ್ಥ, ಕೆಲಸದಲ್ಲಿ ಹುಲಿ, ಮಾತಿನಲ್ಲಿ ಗಿಳಿ. ಮುಟ್ಟಿದರೆ ಪುಡಿಯಾಗುವ ಹಳೆಯ ಕೈಬರಹಗಳನ್ನೆಲ್ಲ ಒಂದೊಂದಾಗಿ ಸ್ಕ್ಯಾನ್ ಮಾಡಿ, ಊರಿನ ಯಾವ ಮೂಲೆಯಿಂದಲಾದರೂ ಓದುವಂತೆ ಮಾಡಿದ. ಸರದಿ ತಪ್ಪುವುದಿಲ್ಲ, ಆದರೆ ನಡೆಯುವುದು ತಪ್ಪುತ್ತದಲ್ಲ. ವಯಸ್ಕರ ಓದಿನ ತರಗತಿಗೆ ಬರುವವರಿಗೆಂದು ಹನ್ನೆರಡು ಟ್ಯಾಬುಗಳನ್ನೂ ಹಂಚಿದ. ಆಗ ನಡೆದ ಸಮಿತಿಯ ಸಭೆಯಲ್ಲಿ ನಾನಿದ್ದೆ. ಅಚ್ಚಿನ ಪುಸ್ತಕಕ್ಕೆ ಹದಿನೈದು ದಿನದ ಗಡುವು, ಕೊಡೆಗೆ ಒಂದು ದಿನ, ಕಪಾಟಿನ ಬೀಗದ ಕೈಗೆ ಮೂರು ತಾಸು ಎಂದೆಲ್ಲ ಬರೆದೆವು. ಟ್ಯಾಬಿನಲ್ಲಿ ತೆರೆದ ಪುಸ್ತಕಕ್ಕೆ ಗಡುವು ಎಷ್ಟು, ಅದಕ್ಕೆ ಕಾಯುವ ಕುರ್ಚಿ ಎಲ್ಲಿ ಎಂದು ಯಾರೋ ಕೇಳಿದರು. “ಗಾಜಿನ ಮ್ಯಾಲಿನ ಅಕ್ಷರಕ್ಕ ಕುರ್ಚಿ ಯಾಕ್ರಿ, ಎಲ್ಲಾರೂ ನೋಡಿ ಮುಚ್ಚಿ ಹೋಗ್ತಾರ” ಎಂದವಳು ನಾನು. ಸಭೆಯ ನಡಾವಳಿಯಲ್ಲಿ ನನ್ನ ಹೆಸರಿನ ಮುಂದೆಯೇ ಆ ಮಾತು ದಾಖಲಾಗಿದೆ. ಅಳಿಸಲು ಬರುವುದಿಲ್ಲ, ವಿಚಾರಿಸಿದ್ದೇನೆ.

ಈ ವರ್ಷ ಆ ತಪ್ಪು ನನ್ನ ಮೇಜಿನ ಮುಂದೆಯೇ ಬಂದು ನಿಂತಿತು. ಅದರ ಹೆಸರು ಮೆಹಜಬೀನ್.

ಮೆಹಜಬೀನ್ ಭೂಗರ್ಭಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಊರಿನ ಹಳೆಯ ಬಾವಿಗಳ ಬಗ್ಗೆ ಐದು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಊರಿನ ಅಡಿಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಒಂದೇ ಆಳದಲ್ಲಿ ಒಂದು ಸೆಲೆ ಹರಿಯುತ್ತದೆ ಎಂಬುದು ಅವಳ ವಾದ. ಅದಕ್ಕೆಲ್ಲ ಆಧಾರ ದುರ್ಗಪ್ಪ ಮೇಸ್ತ್ರಿ ಎಂಬವರ ಕೈಬರಹದ ಬಾವಿ ಪುಸ್ತಕ. ಮೇಸ್ತ್ರಿ ತಾವು ತೋಡಿಸಿದ ಒಂದೊಂದು ಬಾವಿಗೂ ದಿನದಿನದ ಆಳ, ಮಣ್ಣು, ಕಲ್ಲು, ನೀರು ಬರೆದಿಟ್ಟಿದ್ದರು. ಮೂಲಪ್ರತಿ ನಮ್ಮ ಗಾಜಿನ ಕಪಾಟಿನಲ್ಲಿದೆ, ಸ್ಕ್ಯಾನ್ ಜಯತೀರ್ಥನ ಸಂಗ್ರಹದಲ್ಲಿದೆ. ಮೆಹಜಬೀನ್ ಮೊದಲ ವರ್ಷವೇ ಅದನ್ನು ಪೂರ್ತಿ ಓದಿ ಟಿಪ್ಪಣಿ ಮಾಡಿಕೊಂಡಿದ್ದಳು. ಈಗ ಪರೀಕ್ಷಕರು ಒಂದು ಆಕ್ಷೇಪ ಬರೆದು ಕಳಿಸಿದ್ದರು. ಕುಂಬಾರ ಓಣಿಯ ಬಾವಿಯ ಆಳ ಪ್ರಬಂಧದ ಒಂದು ಕಡೆ ನಲವತ್ತೊಂದು ಮೊಳ ಎಂದಿದೆ, ಇನ್ನೊಂದು ಕಡೆ ನಲವತ್ತೇಳು ಎಂದಿದೆ. ಯಾವುದು ಸರಿ? ಮೂಲ ನೋಡಿ ತಿದ್ದಿ, ಮೂವತ್ತನೇ ತಾರೀಖಿನೊಳಗೆ ಸಲ್ಲಿಸತಕ್ಕದ್ದು.

“ನಲವತ್ತೊಂದಾದ್ರ ನನ್ನ ಗೆರೆ ನೆಟ್ಟಗ ಬರ್ತದ ನೀಲಕ್ಕ. ನಲವತ್ತೇಳಾದ್ರ ನಾಲ್ಕನೇ ಅಧ್ಯಾಯ ಬಿದ್ದು ಹೋಗ್ತದ” ಎಂದಳು. “ನನ್ನ ಟಿಪ್ಪಣಿಯೊಳಗ ಎರಡೂ ಅದಾವ. ನಾನಾ ಬರದೀನಿ. ಯಾವ್ದು ತಪ್ಪಂತ ನನಗ ಗೊತ್ತಿಲ್ಲ.”

“ನೆನಪಿದ್ದದ್ದು ಒಂದು ಬರದು ಕೊಡು. ಅವ್ರೇನು ಬಾವಿಗಿಳದು ಅಳೀತಾರೇನು” ಎಂದೆ, ಅವಳನ್ನು ಕೆಣಕಲು.

ಅವಳು ನಗಲಿಲ್ಲ. “ಅಂದಾಜಿಲೆ ಬರದು ಡಾಕ್ಟರ್ ಅನ್ನಿಸ್ಕೊಳ್ಳಾಕ ನಾನ್ಯಾಕ ಐದು ವರ್ಷ ಇಲ್ಲಿ ಕುಂಡ್ರಬೇಕಿತ್ತು” ಎಂದಳು. ಆ ಮಾತಿಗೆ ನನಗೆ ಅವಳ ಮೇಲೆ ಅಕ್ಕರೆ ಹುಟ್ಟಿತು. ಅವಳ ನೋಂದಣಿಯ ಅವಧಿ ಈಗಾಗಲೇ ಎರಡು ಸಲ ಮುಂದೆ ಹೋಗಿತ್ತು. ಮೂವತ್ತು ದಾಟಿದರೆ ಐದು ವರ್ಷದ ಕೆಲಸ ರದ್ದು.

ಅವಳು ಬಂದದ್ದು ಎಂಟನೇ ತಾರೀಖು. ಗಾಜಿನ ಕಪಾಟು ತೆಗೆದು ನೋಡಿದೆವು, ಮೇಸ್ತ್ರಿಯ ಪುಸ್ತಕ ಬಿಳಿ. ಸ್ಕ್ಯಾನ್ ನೋಡಿದೆವು, ಅದೂ ಬಿಳಿ. ಜಯತೀರ್ಥ ಯಂತ್ರದಲ್ಲಿ ಏನೋ ಒತ್ತಿ, ಕೆನ್ನೆ ಕೆರೆದುಕೊಂಡು, “ತೆಗದು ಮೂವತ್ತು ದಿನ ಆಗೇದ. ಯಾರೋ ತೆಗದವರು ಮುಚ್ಚೇ ಇಲ್ಲ. ಯಾವ ಟ್ಯಾಬು ಅಂತ ನೋಡೇ ಬಿಡ್ಲ್ಯಾ?” ಎಂದ.

“ಕೈ ತಗಿ” ಎಂದೆ.

“ನಂಬರ್ ಅಷ್ಟ ನೋಡ್ತೀನಿ, ಹೆಸರು ನೋಡಂಗಿಲ್ಲ.”

“ಹನ್ನೆರಡು ಟ್ಯಾಬು. ನಂಬರ್ ನೋಡಿದ್ರ ಹೆಸರು ನಿನಗ ಗೊತ್ತಾಗದ ಇರ್ತದೇನು? ಇವತ್ತು ಇಕಿಗಾಗಿ ನೋಡಿದಿ ಅಂದ್ರ ನಾಳಿ ಇನ್ನೊಬ್ರು ಪೊಲೀಸ್ ಕಾಗದ ಹಿಡ್ಕೊಂಡು ಬರ್ತಾರ. ಆಮ್ಯಾಲ ಈ ಊರಾಗ ಯಾರೂ ಸಂಕೋಚ ಬಿಟ್ಟು ಓದಂಗಿಲ್ಲ.”

ಜಯತೀರ್ಥ ಕೈ ತೆಗೆದ. ಹೊರಗಿನಿಂದ ತಂತಿ ಕತ್ತರಿಸಿ ಬಿಡುವುದೂ ಅವನ ಕೈಯಲ್ಲಿತ್ತು, ಆದರೆ ಅದು ಕಿತ್ತುಕೊಂಡ ಹಾಗೆಯೇ. ಭೌತಶಾಸ್ತ್ರದ ಪುಸ್ತಕದ ನೆನಪು ಇಬ್ಬರಿಗೂ ಇತ್ತು. ಊರಾಚೆ ಒಯ್ದು ಓದಿಸೋಣವೆಂದರೆ ಮೂಲಪ್ರತಿ ಅಲುಗಿಸಿದರೆ ಪುಡಿ, ಸ್ಕ್ಯಾನ್ ಊರಾಚೆ ತೆರೆಯುವುದಿಲ್ಲ. ಉಳಿದದ್ದು ಕುರ್ಚಿ.

ಮೆಹಜಬೀನ್ ಸ್ಲೇಟಿನ ಮೇಲೆ ‘ದುರ್ಗಪ್ಪ ಮೇಸ್ತ್ರಿಯ ಬಾವಿ ಪುಸ್ತಕ’ ಎಂದು ದಪ್ಪಗೆ ಬರೆದು ಕೂತಳು. ಮೂರು ದಿನ ಆಯಿತು, ಐದಾಯಿತು, ಹನ್ನೊಂದಾಯಿತು. ಬೆಳಿಗ್ಗೆ ಎಂಟಕ್ಕೆ ಬಂದು ಕೂತರೆ ಸಂಜೆ ಬಾಗಿಲು ಹಾಕುವಾಗಲೇ ಏಳುವುದು. ನಾನು ಕಾಯುವವರನ್ನು ಬೇಕಾದಷ್ಟು ನೋಡಿದ್ದೇನೆ, ಹಜಾರದಲ್ಲಿ ಅವರು ಕೂತಿದ್ದರೆ ನನಗೆ ಒಂದು ಬಗೆಯ ಧೈರ್ಯ, ಇಂದಲ್ಲ ನಾಳೆ ಆಗುತ್ತದೆ ಎಂದು. ಹನ್ನೆರಡನೇ ದಿನ ಬೆಳಿಗ್ಗೆ ಅವಳ ಮುಖ ನೋಡಿ ಮೊದಲ ಸಲ ಆ ಧೈರ್ಯ ಬರಲಿಲ್ಲ. ಟ್ಯಾಬಿನಲ್ಲಿ ಓದುವವರು ಈ ಹಜಾರದಲ್ಲಿ ಯಾಕೆ ಹಾದುಹೋಗುತ್ತಾರೆ? ಅವರು ಬರದೆ ಇರಲೆಂದೇ ಅಲ್ಲವೆ ನಾವು ಟ್ಯಾಬು ಕೊಟ್ಟದ್ದು? ನನ್ನ ಮೇಲೆ ನನಗೇ ಸಿಟ್ಟು ಬಂತು. ಸಿಟ್ಟು ಬಂದಾಗ ನನಗೆ ಬುದ್ಧಿ ಚುರುಕಾಗುತ್ತದೆ, ಅದೊಂದು ಪುಣ್ಯ.

“ಏಳು” ಎಂದೆ. “ಅವ್ರು ಕುರ್ಚಿ ಹತ್ರ ಬರಂಗಿಲ್ಲಂದ್ರ ಕುರ್ಚಿ ಅವ್ರ ಹತ್ರ ಹೋಗ್ತದ.”

ಕೇಳುವುದಿಲ್ಲ, ಬಾಗಿಲು ಬಡಿಯುವುದಿಲ್ಲ, ಯಾರ ಹೆಸರೂ ಹುಡುಕುವುದಿಲ್ಲ. ಕುರ್ಚಿಯನ್ನು ಜನ ಇರುವಲ್ಲಿ ಇಟ್ಟು ಕೂರುವುದು, ಅಷ್ಟೇ. ಗ್ರಂಥಾಲಯದ ನಿಯಮದಲ್ಲಿ ಕುರ್ಚಿ ಹಜಾರದಲ್ಲೇ ಇರಬೇಕೆಂದು ಎಲ್ಲಿಯೂ ಬರೆದಿಲ್ಲ, ಗ್ರಂಥಪಾಲಕರಿಗೆ ಅದನ್ನು ತೋರಿಸಿಯೇ ಹೊರಟೆ. ಕುರ್ಚಿಯ ಒಂದು ಕಡೆ ನಾನು, ಇನ್ನೊಂದು ಕಡೆ ಜಯತೀರ್ಥ, ಹಿಂದೆ ಸ್ಲೇಟು ಹಿಡಿದ ಮೆಹಜಬೀನ್. ಮೊದಲು ಬಸ್ ನಿಲ್ದಾಣ, ಆಮೇಲೆ ಆಸ್ಪತ್ರೆಯ ಹೊರರೋಗಿ ವಿಭಾಗ, ತರಕಾರಿ ಮಾರುಕಟ್ಟೆ, ಮಿಲ್ಲಿನ ಗೇಟು.

ಊರಿನವರಿಗೆ ಕುರ್ಚಿ ಗೊತ್ತು, ಆದರೆ ಬಿಸಿಲಿನಲ್ಲಿ ನೋಡಿದವರಿಲ್ಲ. ಬಸ್ ನಿಲ್ದಾಣದಲ್ಲಿ ಒಬ್ಬ ಗುಮಾಸ್ತರು ಮೆಹಜಬೀನಳನ್ನು ನೋಡಿದವರೇ ಹತ್ತಿದ ಬಸ್ಸಿನಿಂದ ಇಳಿದು ಮನೆಯ ಕಡೆ ಓಡಿದರು. ಅವರು ತೆರೆದಿಟ್ಟಿದ್ದದ್ದು, ಆಮೇಲೆ ಅವರೇ ಹೇಳಿದಂತೆ, ಬೇರೆ ಯಾವುದೋ ಕಾದಂಬರಿ. ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಹೆಂಗಸು, “ಏನವ್ವ, ಇಷ್ಟ ಚಂದ ಅಕ್ಷರ ಬರೀತಿ, ನನ್ನ ಅಂಗಡಿಗೂ ಒಂದು ಬೋರ್ಡ್ ಬರದು ಕೊಡು” ಎಂದಳು. ಆ ನಾಲ್ಕು ದಿನದಲ್ಲಿ ಊರಿನಲ್ಲಿ ಹನ್ನೊಂದು ಪುಸ್ತಕಗಳು ಮುಚ್ಚಿದವು, ವರ್ಷದಿಂದ ಬಿಳಿಯಾಗಿದ್ದ ಒಂದು ವ್ಯಾಕರಣವೂ ಸೇರಿ. ವ್ಯಾಕರಣದ ಮೇಷ್ಟರು ನನಗೆ ಕೈಮುಗಿದರು. ಮೇಸ್ತ್ರಿಯ ಪುಸ್ತಕ ಮಾತ್ರ ಹಾಗೆಯೇ ಇತ್ತು.

ಇಪ್ಪತ್ನಾಲ್ಕನೇ ತಾರೀಖು ಉಳಿದದ್ದು ಒಂದೇ ಜಾಗ, ಮಹಿಳಾ ಹಾಸ್ಟೆಲಿನ ಊಟದ ಮನೆ. ಮೆಹಜಬೀನ್ ಇರುವುದು ಅಲ್ಲಿಯೇ. “ಅಲ್ಲಿ ಬ್ಯಾಡ ನೀಲಕ್ಕ, ದಿನಾ ಜೊತಿಗೆ ಉಣ್ಣೋರ ಮುಂದ ಸ್ಲೇಟ್ ಹಿಡ್ಕೊಂಡು ಕುಂಡ್ರಾಕ ನಾಚಿಕಿ ಆಗ್ತದ” ಎಂದಳು. ನಾಚಿಕೆಗೆ ಆರು ದಿನ ಬಾಕಿ ಇದೆ, ಆಮೇಲೆ ಬೇಕಾದಷ್ಟು ನಾಚಿಕೊಳ್ಳಬಹುದು ಎಂದು ನಾನು ಕುರ್ಚಿ ಎತ್ತಿಸಿದೆ.

ಮಧ್ಯಾಹ್ನ ಊಟದ ಹೊತ್ತು. ಹುಡುಗಿಯರು ತಟ್ಟೆ ಹಿಡಿದು ಸಾಲು ನಿಂತಿದ್ದರು. ಬಡಿಸುವ ಕಟ್ಟೆಯ ಹಿಂದೆ ಅಡುಗೆಯ ಹುಲಿಗೆವ್ವ. ಆಕೆಗೆ ನಲವತ್ತೆಂಟು ವರ್ಷ, ಇಪ್ಪತ್ತು ವರ್ಷದಿಂದ ಆ ಹಾಸ್ಟೆಲಿನಲ್ಲಿ ಅನ್ನ ಹಾಕುತ್ತಿದ್ದಾಳೆ. ಮೆಹಜಬೀನಳಿಗೆ ಉಪವಾಸದ ತಿಂಗಳಲ್ಲಿ ಬೆಳಗಿನ ಜಾವಕ್ಕೆ ಬೇರೆಯಾಗಿ ರೊಟ್ಟಿ ಮಾಡಿಟ್ಟು ಹೋಗುತ್ತಿದ್ದವಳು ಅವಳೇ. ಎರಡು ವರ್ಷದ ಹಿಂದೆ ನಮ್ಮ ವಯಸ್ಕರ ತರಗತಿಗೆ ಸೇರಿ ಅಕ್ಷರ ಕಲಿತಿದ್ದಳು. ಸೌಟು ಸಾರಿನಲ್ಲಿದ್ದ ಹಾಗೆಯೇ ಅವಳು ಸ್ಲೇಟಿನ ಕಡೆ ನೋಡಿದಳು. ತುಟಿ ಅಲ್ಲಾಡತೊಡಗಿತು. ದು, ರ್ಗ, ಪ್ಪ. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಸಾರು ಒಬ್ಬ ಹುಡುಗಿಯ ತಟ್ಟೆ ತುಂಬಿ ಕಟ್ಟೆಯ ಮೇಲೆಲ್ಲ ಹರಿದಿತ್ತು. ಯಾರಿಗೂ ಏನೂ ಹೇಳದೆ ಕಟ್ಟೆ ಒರೆಸಿ, ಮುಂದಿನವರಿಗೆ ಬಡಿಸಿದಳು. ನಾನು ನೋಡಿಯೂ ನೋಡದವಳ ಹಾಗೆ ಕಿಟಕಿಯ ಕಡೆ ತಿರುಗಿ ನಿಂತೆ. ಇಪ್ಪತ್ತಾರು ವರ್ಷದ ಅಭ್ಯಾಸ ಅದು.

ಮೂರು ಗಂಟೆಗೆ ಹುಲಿಗೆವ್ವ ನನ್ನ ಮೇಜಿನ ಮುಂದೆ ನಿಂತಿದ್ದಳು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಟ್ಯಾಬು.

“ಆ ಪುಸ್ತಕ ನನ್ನ ಹತ್ರ ಐತ್ರಿ ಅಕ್ಕಾರ” ಎಂದಳು. “ಇದರೊಳಗಿಂದು ನಂದ ಬ್ಯಾರೆ, ಯಾರಿಗೂ ಅಡ್ಡ ಆಗಂಗಿಲ್ಲ ಅನ್ಕೊಂಡಿದ್ದೆ. ಆ ಹುಡುಗಿ ನನ್ನ ಸಲುವಾಗಿ ಬಿಸಿಲಾಗ ಕುಂತಿದ್ಲಂತ ಗೊತ್ತಿರಲಿಲ್ಲ. ದಿನಾ ನನ್ನ ಕೈಲೇನ ಉಂಡು ಹೋಗ್ತಾಳ.”

“ನಿನ್ನ ತಪ್ಪಲ್ಲ ಅದು, ನಂದು” ಎಂದೆ. ಹಾಗೆ ಹೇಳಿದ್ದಕ್ಕೆ ಎದೆ ಹಗುರಾಯಿತು. “ಮುಚ್ಚಬೇಕಂತ ನಾ ಕೇಳಂಗಿಲ್ಲ.”

“ಮುಚ್ಚಬೇಕಂತನ ಬಂದೀನ್ರಿ. ಆಗವಲ್ದು.”

ಅವಳನ್ನು ಹನ್ನೊಂದನೇ ಓದುವ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ಮೆಹಜಬೀನಳನ್ನು ಕರೆಯಲೇ ಎಂದು ಕೇಳಿ, ಅವಳು ಹೂಂ ಎಂದ ಮೇಲೆಯೇ ಕರೆಸಿದೆ. ಹುಲಿಗೆವ್ವ ಟ್ಯಾಬನ್ನು ಮೇಜಿನ ಮೇಲಿಟ್ಟಳು. ನಮ್ಮಿಬ್ಬರ ಕಣ್ಣಿಗೆ ಬಿಳಿ ಗಾಜು. ಅವಳು ಅದರ ಮೇಲೆ ಬೆರಳಿಟ್ಟು ಹೇಳಿದಳು, “ಇದು ಅರವತ್ತೆರಡನೇ ಪುಟ. ಇಲ್ಲಿ ನಮ್ಮಪ್ಪ ಅದಾರ.”

ಅವಳ ಅಪ್ಪ ಸಣ್ಣ ಯಂಕಪ್ಪ, ದುರ್ಗಪ್ಪ ಮೇಸ್ತ್ರಿಯ ಕೈಕೆಳಗೆ ಬಾವಿ ತೋಡುತ್ತಿದ್ದವರು. ಅವಳಿಗೆ ಆರು ವರ್ಷವಿದ್ದಾಗ ಬಾವಿಯಲ್ಲೇ ತೀರಿಕೊಂಡರು. ಒಂದು ಫೋಟೋ ಇಲ್ಲ. ಹೇಗೆ ಸತ್ತರೆಂದು ಅವ್ವ ಕೊನೆಯ ತನಕ ಹೇಳಲಿಲ್ಲ. ಅಕ್ಷರ ಕಲಿತ ಮೇಲೆ ಹುಲಿಗೆವ್ವ ಮೊದಲು ಹುಡುಕಿದ ಪುಸ್ತಕ ಇದೇ. ದಿನಕ್ಕೆ ಎರಡು ಮೂರು ಪುಟದಂತೆ ಓದುತ್ತ ಬಂದು ಅರವತ್ತೆರಡಕ್ಕೆ ನಿಂತಿದ್ದಳು. ಬೆರಳು ಸರಿಸುತ್ತ ಓದಿದಳು: “ಭಾನುವಾರ. ಕುಂಬಾರ ಓಣಿ. ಮೂವತ್ತೊಂಬತ್ತು ಮೊಳ. ಕರಿಕಲ್ಲು ಗಟ್ಟಿ. ಸಣ್ಣ ಯಂಕಪ್ಪ ಕೆಳಗಿನಿಂದ ಲಾವಣಿ ಹೇಳಿದ. ಮೇಲೆ ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ಕೇಳಿದರು. ನಾಳೆ ಮುಗಿದೀತು ಅಂದ.”

ಓದಿ ಕೈ ತೆಗೆದಳು. “ಇಪ್ಪತ್ತು ದಿನದಿಂದ ಇದೊಂದ ಹಾಳಿ ಓದಾಕತ್ತೀನ್ರಿ. ಮುಂದಿನ ಹಾಳಿ ಸೋಮವಾರದ್ದು. ನಮ್ಮಪ್ಪ ಸತ್ತದ್ದು ಸೋಮವಾರ. ಇಲ್ಲಿ ಅವ್ರು ಇನ್ನಾ ಹಾಡಾಕತ್ತಾರ. ತಿರುವಾಕೂ ಆಗವಲ್ದು, ಮುಚ್ಚಾಕೂ ಆಗವಲ್ದು.”

ಮೆಹಜಬೀನಳ ಮುಖ ಸುಣ್ಣವಾಗಿತ್ತು. ಅವಳಿಗೆ ಬೇಕಾದದ್ದು ಅದೇ ಸೋಮವಾರ, ಅದೇ ಪುಟ. ಅದನ್ನು ಅವಳು ಐದು ವರ್ಷದ ಹಿಂದೆಯೇ ಓದಿದ್ದವಳು.

ಹುಲಿಗೆವ್ವನಿಗೂ ಅದು ಹೊಳೆಯಿತು. “ನೀ ಇದನ್ನ ಓದೀಯಲ್ಲವ್ವ. ಹೆಂಗಾತು, ನೀನ ಹೇಳಿಬಿಡು. ನನಗ ಓದೋ ಕಷ್ಟ ತಪ್ಪತೈತಿ.”

ಮೆಹಜಬೀನ್ ತನ್ನ ಚೀಲದಿಂದ ಪ್ರಬಂಧದ ಕರಡು ತೆಗೆದು, ನಾಲ್ಕನೇ ಅಧ್ಯಾಯದ ಕೋಷ್ಟಕ ತೆರೆದು ಮೇಜಿನ ಮೇಲಿಟ್ಟಳು. ಇನ್ನೂ ಪುಸ್ತಕವಾಗದ ಕರಡಿಗೆ ನಮ್ಮ ಕಟ್ಟಳೆ ತಾಗುವುದಿಲ್ಲ, ಎಲ್ಲರಿಗೂ ಕಾಣುತ್ತದೆ. ಬಾವಿಯ ಹೆಸರು, ಆಳ, ಕಲ್ಲು, ಸೆಲೆ, ಅಪಘಾತ. ಕುಂಬಾರ ಓಣಿಯ ಮುಂದೆ ಅಪಘಾತದ ಕಾಲಮ್ಮಿನಲ್ಲಿ ‘ಒಂದು’ ಎಂದಿತ್ತು.

“ನನಗ ನೆನಪಿರೋದು ಇಷ್ಟ ಹುಲಿಗೆವ್ವಾರ” ಎಂದಳು. “ಕಲ್ಲು ನೆನಪೈತಿ, ಸೆಲಿ ನೆನಪೈತಿ. ಹೆಸರು ನಾ ಬರಕೊಳ್ಳೇ ಇಲ್ಲ. ಹೆಂಗಾತು ಅನ್ನೋದೂ ನೆನಪಿಲ್ಲ. ತಪ್ಪಾತು. ಆಳನೂ ಎರಡೆರಡು ಬರದೀನಿ.” ಅವಳು ಕರಡನ್ನು ಮಡಚಿದಳು. “ನೀವು ಆ ಹಾಳಿ ತಿರುವಬ್ಯಾಡ್ರಿ. ನಾ ಏನಾರ ಮಾಡ್ಕೋತೀನಿ.”

ಏನು ಮಾಡಿಕೊಳ್ಳುತ್ತಾಳೆ, ಏನೂ ಇಲ್ಲ. ಐದು ವರ್ಷ ಕೈಬಿಟ್ಟು ಊರಿಗೆ ಹೋಗುತ್ತಾಳೆ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನನ್ನ ಬಾಯಿ ತುದಿಗೆ ಬಂದಿತ್ತು, ಒಂದೇ ಒಂದು ಅಂಕಿ ನೋಡಿ ಹೇಳು ಹುಲಿಗೆವ್ವ, ಮಿಕ್ಕದ್ದು ಓದಬೇಡ ಎಂದು. ತಡೆದುಕೊಂಡೆ. ಓದುತ್ತಿರುವವರ ಪುಟವನ್ನು ಇನ್ನೊಬ್ಬರು ತಿರುವಬಾರದು, ಮಾತಿನಿಂದ ಕೂಡ.

ಹುಲಿಗೆವ್ವ ಆ ಮಡಚಿದ ಕರಡನ್ನು ತಾನೇ ಎಳೆದುಕೊಂಡು, ತೆರೆದು, ಆ ‘ಒಂದು’ ಎಂಬುದರ ಮೇಲೆ ಬೆರಳಿಟ್ಟಳು. “ಇದು ನಮ್ಮಪ್ಪನೇನು?” ಎಂದಳು.

“ಹೌದ್ರಿ.”

“ಹಂಗಾರ ಪೆನ್ ತಗಿ. ನಾ ಓದ್ತೀನಿ, ನೀ ಬರ್ಕೋ. ಈ ಸಲ ಎಲ್ಲಾ ಬರ್ಕೋ.”

ಗಾಜಿನ ಮೇಲೆ ಬೆರಳು ಸರಿಸಿದಳು. ಒಂದು ಅಕ್ಷರ, ಆಮೇಲೆ ಇನ್ನೊಂದು. ಒತ್ತಕ್ಷರ ಬಂದಲ್ಲಿ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಮೊದಲಿನಿಂದ. ಹದಿನೆಂಟು ಕೋಣೆಗಳಲ್ಲಿ ನಾನು ಕೇಳಿದ ಓದುಗಳಲ್ಲೆಲ್ಲ ಅದು ನಿಧಾನದ್ದು.

“ಸೋಮವಾರ. ಕುಂಬಾರ ಓಣಿ. ನಲವತ್ತೊಂದು ಮೊಳಕ್ಕೆ ಕರಿಕಲ್ಲು ಮುಗಿಯಿತು. ಮಧ್ಯಾಹ್ನ ಸೆಲೆ ಒಡೆಯಿತು. ಒಳಗೆ ಮೂವರಿದ್ದರು. ಬುಟ್ಟಿಯಲ್ಲಿ ಒಬ್ಬರಿಗೇ ಜಾಗ. ಸಣ್ಣ ಯಂಕಪ್ಪ ಮೊದಲು ಭೀಮನನ್ನು ಕಳಿಸಿದ. ಆಮೇಲೆ ಹನುಮನನ್ನು ಕಳಿಸಿದ. ಮೂರನೇ ಸಲ ಬುಟ್ಟಿ ಇಳಿಸುವಷ್ಟರಲ್ಲಿ ನೀರು ತುಂಬಿತ್ತು. ನಾನು ಹಗ್ಗ ಹಿಡಿದು ಸಂಜೆ ತನಕ ನಿಂತಿದ್ದೆ. ಮರುದಿನ ತೆಗೆದೆವು.”

ನಲವತ್ತೊಂದು ಎಂಬುದು ಕೋಣೆಯಲ್ಲಿ ಯಾರ ಕಿವಿಗೂ ತಾಗಲಿಲ್ಲ. ಮೆಹಜಬೀನ್ ಬರೆಯುತ್ತಿದ್ದಳು, ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಕತ್ತು ಓರೆ ಮಾಡಿಕೊಂಡು. ಹುಲಿಗೆವ್ವ ಅಳಲಿಲ್ಲ. ಅದರ ಕೆಳಗೆ ಬೇರೆ ತಾರೀಖಿನ ನಾಲ್ಕು ಸಾಲುಗಳಿದ್ದವು, ಅವನ್ನೂ ಓದಿದಳು.

“ಹದಿನೈದು ದಿನ ಓಣಿಯಲ್ಲಿ ಯಾರೂ ಆ ನೀರು ಮುಟ್ಟಲಿಲ್ಲ. ಬಾವಿ ಮುಚ್ಚಿಸಿ ಅಂದರು. ಹದಿನಾರನೇ ದಿನ ಯಂಕಪ್ಪನ ಹೆಂಡತಿ ಕೊಡ ತಂದು ತಾನೇ ಸೇದಿದಳು. ಮಗಳ ಬೊಗಸೆಗೆ ಹಾಕಿದಳು. ಹುಡುಗಿ ಕುಡಿಯಿತು. ಆಮೇಲೆ ಎಲ್ಲರೂ ಸೇದಿಕೊಂಡರು.”

ಪುಟ ಮುಗಿದಿತ್ತು. ಹುಲಿಗೆವ್ವ ತನ್ನ ಎರಡೂ ಅಂಗೈಗಳನ್ನು ಸೇರಿಸಿ ನೋಡಿಕೊಂಡಳು. “ನೀರು ಬಾಳ ತಣ್ಣಗಿತ್ತು ಅನ್ನೋದಷ್ಟ ನೆನಪೈತ್ರಿ” ಎಂದಳು. “ಅದು ಯಾವ ನೀರಂತ ನನಗ ಯಾರೂ ಹೇಳಿರಲಿಲ್ಲ.” ಆಮೇಲೆ ಟ್ಯಾಬಿನ ಪುಸ್ತಕವನ್ನು ತಾನಾಗಿ ಮುಚ್ಚಿದಳು. ಕೇಳಿ ಬರೆದದ್ದೇ ಸಾಕು ಎಂದು ಮೆಹಜಬೀನ್ ಅದನ್ನು ತೆರೆದು ನೋಡಲಿಲ್ಲ. ಮರುದಿನ ಬೆಳಿಗ್ಗೆ ಹುಲಿಗೆವ್ವ ಮತ್ತೆ ತೆರೆದಳು, ಅರವತ್ನಾಲ್ಕರಿಂದ. ಇನ್ನೂ ಓದುವುದಿದೆ, ಮೇಸ್ತ್ರಿ ತೋಡಿಸಿದ ಬಾವಿಗಳು ಬಹಳ.

ಪ್ರಬಂಧ ಇಪ್ಪತ್ತೊಂಬತ್ತನೇ ತಾರೀಖು ಮಧ್ಯಾಹ್ನ ಸಲ್ಲಿಕೆಯಾಯಿತು, ಗಡುವಿಗೆ ಒಂದು ದಿನ ಮೊದಲೇ. ನಾನು ಸಮಿತಿಯ ಸಭೆ ಕರೆಸಿ ನನ್ನ ಹಳೆಯ ಮಾತನ್ನು ನಾನೇ ಗಟ್ಟಿಯಾಗಿ ಓದಿ, ತಪ್ಪೆಂದು ಬರೆಸಿದೆ. ಈಗ ಟ್ಯಾಬಿನಲ್ಲಿ ಓದುವವರಿಗೂ ಯಾರಾದರೂ ಕಾಯುತ್ತಿದ್ದರೆ ಮೂಲೆಯಲ್ಲೊಂದು ಸಣ್ಣ ಕುರ್ಚಿಯ ಚಿತ್ರ ಮೂಡುತ್ತದೆ, ಯಾರೆಂದು ಹೇಳುವುದಿಲ್ಲ. ಜಯತೀರ್ಥ ಅದನ್ನು ಎರಡು ದಿನದಲ್ಲಿ ಮಾಡಿಕೊಟ್ಟ, ಎರಡು ತಿಂಗಳು ಅದರ ಬಗ್ಗೆ ಮಾತಾಡಿದ.

ನಮ್ಮಲ್ಲಿ ಪಿಎಚ್.ಡಿ.ಯ ಮೌಖಿಕ ಪರೀಕ್ಷೆ ದೊಡ್ಡ ಹಜಾರದಲ್ಲಿ ನಡೆಯುತ್ತದೆ, ಯಾರು ಬೇಕಾದರೂ ಬಂದು ಕೂರಬಹುದು. ಮೆಹಜಬೀನಳ ದಿನ ಹಾಸ್ಟೆಲಿನ ಹುಡುಗಿಯರೇ ಅರ್ಧ ಹಜಾರ ತುಂಬಿದ್ದರು. ಪರೀಕ್ಷಕರು ಹೊರಗಿನವರು, ಪ್ರೊಫೆಸರ್ ಸದಾನಂದ ಪೈ, ನಲವತ್ತು ವರ್ಷ ಕಲ್ಲು ಒಡೆದು ನೋಡಿದವರು, ಮಾತಿನಲ್ಲೂ ಅದೇ ಅಭ್ಯಾಸ. ಎರಡು ತಾಸು ಪ್ರಶ್ನೆ ಕೇಳಿದರು, ಅವಳು ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ನಾಲ್ಕನೇ ಅಧ್ಯಾಯದ ಕೋಷ್ಟಕಕ್ಕೆ ಬಂದು ಕನ್ನಡಕ ಏರಿಸಿದರು.

“ಇಲ್ಲಿ ಅಪಘಾತದ ಸಂಖ್ಯೆ ಇದ್ದ ಜಾಗದಲ್ಲಿ ಒಬ್ಬರ ಹೆಸರು ಬರೆದಿದ್ದೀರಿ. ಸರಿ, ಅದಿರಲಿ, ತಪ್ಪಲ್ಲ. ಆದರೆ ನಿಮ್ಮ ಇಡೀ ವಾದ ನಿಂತಿರುವುದು ಈ ನಲವತ್ತೊಂದು ಮೊಳದ ಮೇಲೆ. ಅಡಿಟಿಪ್ಪಣಿಯಲ್ಲಿ ನೋಡಿದರೆ, ಮೂಲವನ್ನು ಈ ಸಲ ನೀವು ಕಣ್ಣಾರೆ ನೋಡಿಲ್ಲ, ಬೇರೆಯವರು ಓದಿ ಹೇಳಿದ್ದನ್ನು ಬರೆದುಕೊಂಡಿದ್ದೀರಿ. ಯಾರು ಓದಿದವರು? ಈ ಬಾವಿಯ ಬಗ್ಗೆ ಹೇಳಲು ಅವರಿಗಿರುವ ಅರ್ಹತೆ ಏನು?”

ಮೆಹಜಬೀನ್ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಹುಲಿಗೆವ್ವ ಎದ್ದು ನಿಂತಿದ್ದಳು, ಸೆರಗಿನಲ್ಲಿ ಕೈಯ ಹಿಟ್ಟು ಒರೆಸಿಕೊಳ್ಳುತ್ತ.

“ಓದಿದಾಕಿ ನಾನ್ರಿ” ಎಂದಳು. “ಆ ಬಾವಿ ನೀರು ಎಲ್ಲಾರಕಿಂತ ಮೊದಲ ಕುಡದೀನಿ.”